ಜಾಗ್ವಾರ್ ಇ-ಟೈಪ್ ಎದುರು ಹಳೇ ಪೋರ್ಷೆ 911: ಅರ್ಧ ಪವರ್ ಇಟ್ಕೊಂಡು ಅದು ಹೆಂಗೆ ಸಮ?

ಕ್ಲಚ್‌ಪ್ಲೇಟ್: ಎಲ್ಲಿ ನೋಡಿದ್ರೂ ಈ ಎರಡನ್ನೂ ಎದುರುಬದುರು ನಿಲ್ಲಿಸಿ ಮಾತಾಡ್ತಾರೆ, ನಂಗೆ ಅದೇ ತಲೆಗೆ ಹೋಗ್ತಿಲ್ಲ. ಬ್ರಿಟಿಷರ ಇ-ಟೈಪ್ 1961ರದ್ದು, 3.8 ಲೀಟರ್, ಸಾಲಾಗಿ ಆರು ಸಿಲಿಂಡರ್, 265 ಎಚ್‌ಪಿ. ಜರ್ಮನ್ನರ 911 ಶುರುವಲ್ಲಿ ಬರೀ 2 ಲೀಟರ್, 130 ಎಚ್‌ಪಿ, ಅದೂ ಎಂಜಿನ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ನೇತಾಡ್ತಿರತ್ತೆ. ಇದ್ರಲ್ಲಿ ಕಂಪೇರ್ ಮಾಡೋಕೆ ಏನಿದೆ, ಪೋರ್ಷೆ ಫ್ಯಾನ್ಸ್ ಗಲಾಟೆ ಅಷ್ಟೇನಾ?

ಹಳೇಗೇರು: ಗುರು, ಮೊದ್ಲು ಆ 265ನ ನಂಬೋದು ಬಿಡು. ಅದು ಗ್ರಾಸ್ ಲೆಕ್ಕ, ಅಂದ್ರೆ ಎಂಜಿನ್ನ ಹೊರಗಿಟ್ಟು, ಅದರ ಶಕ್ತಿ ತಿನ್ನೋ ಸಾಮಾನೆಲ್ಲಾ ಬಿಚ್ಚಿ ಅಳೆದಿದ್ದು. ಪೋರ್ಷೆಯ 130 ಡಿಐಎನ್ ಲೆಕ್ಕ, ಅಂದ್ರೆ ಜರ್ಮನ್ ಮಾನದಂಡ, ಕಾರಲ್ಲಿ ಕೂತಾಗ ಹೆಂಗಿರತ್ತೋ ಹಂಗೇ ಅಳೆಯೋದು. 911 ತೂಕ ಬೇರೆ ಸುಮಾರು 1,080 ಕೆಜಿ ಅಷ್ಟೇ. ಹಂಗಂತ ನೇರ ರೋಡಲ್ಲಿ ಇ-ಟೈಪ್‌ನ ಹಿಡಿಯತ್ತೆ ಅಂತ ಹೇಳ್ತಿಲ್ಲ, ಆ ಮಾತೇ ಇಲ್ಲ. ಆದ್ರೆ ಗಂಟೆಗೆ 150 ಮೈಲಿ ಅಂತ ಪೇಪರ್‌ನೋರು ಬರೆದ್ರಲ್ಲ, ಆ ಟೆಸ್ಟ್ ಕಾರನ್ನ ಕಂಪನಿನೇ ಚೆನ್ನಾಗಿ ರೆಡಿ ಮಾಡಿ ಕೊಟ್ಟಿದ್ದು, ಷೋರೂಮಿಂದ ತಗೊಂಡೋರಿಗೆ ಅಷ್ಟು ಸಿಕ್ಕಿದ್ದು ಡೌಟು.

ನನ್ ಪ್ರಕಾರ ನಿಜವಾದ ವ್ಯತ್ಯಾಸ ಇರೋದು ಪವರಲ್ಲಲ್ಲ. ಜಾಗ್ವಾರ್‌ನವರ ಹತ್ರ ಎಲ್ಲಾ ರೆಡಿ ಇತ್ತು: ಎಂಜಿನ್ 1948ರ ಎಕ್ಸ್‌ಕೆ, ಬಾಡಿ ಐಡಿಯಾ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಅವರದೇ ರೇಸ್ ಕಾರು ಡಿ-ಟೈಪ್‌ದು, ಶೇಪ್ ಮಾಡಿದ ಮಾಲ್ಕಮ್ ಸೇಯರ್ ವಿಮಾನದ ಕಂಪನಿಯಿಂದ ಬಂದೋನು. ಪೋರ್ಷೆಯವರು ಫೋಕ್ಸ್‌ವ್ಯಾಗನ್ ಬೀಟಲ್, ಆಮೇಲೆ ತಮ್ಮದೇ ಹಳೇ ಕಾರು 356 ಅಂತ ಬಂದ ಹಾಗೆ ಎಂಜಿನ್ನ ಹಿಂಭಾಗದಲ್ಲೇ ಹಠ ಹಿಡಿದು ಇಟ್ಕೊಂಡು, ಅದ್ರಿಂದ ಬಂದ ತೊಂದ್ರೆಗಳನ್ನ ಒಂದೊಂದಾಗಿ ರಿಪೇರಿ ಮಾಡ್ತಾ ಹೋದ್ರು.

ಸ್ಪ್ಯಾನರ್ 13: ತೊಂದ್ರೆ ಅಂದ್ರೆ ಸಣ್ಣದಲ್ಲ ಸ್ವಾಮಿ! ತಿರುವಿನ ಮಧ್ಯೆ ಹೆದರಿಕೊಂಡು ಆಕ್ಸಿಲರೇಟರ್ ಬಿಟ್ರೆ ತೂಕ ಮುಂದಕ್ಕೆ ಬರತ್ತೆ, ಹಿಂದಿನ ಟೈರ್ ಹಿಡಿತ ಬಿಡತ್ತೆ, ಭಾರವಾದ ಹಿಂಭಾಗ ಹೊರಗೆ ಬೀಸತ್ತೆ. ಇದಕ್ಕೆ ಮುಂದಿನ ಬಂಪರ್ ಒಳಗೆ ಕಬ್ಬಿಣದ ತುಂಡು ತುಂಬಿದ್ದೂ ಉಂಟು, ಆಮೇಲೆ 1969ರ ಮಾಡೆಲ್‌ಗೆ ವೀಲ್‌ಬೇಸ್, ಅಂದ್ರೆ ಮುಂದಿನ-ಹಿಂದಿನ ಚಕ್ರದ ಮಧ್ಯದ ದೂರ, 57 ಮಿಮೀ ಜಾಸ್ತಿ ಮಾಡಿದ್ರು, ಆಗ ಸ್ವಲ್ಪ ಮರ್ಯಾದೆಗೆ ಬಂತು. ಇ-ಟೈಪ್ ಈ ವಿಷ್ಯದಲ್ಲಿ ಸಭ್ಯ, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್ ಇದೆ, ಅಂದ್ರೆ ಎರಡು ಚಕ್ರನೂ ಬೇರೆಬೇರೆಯಾಗಿ ಮೇಲೆಕೆಳಗೆ ಆಡತ್ತೆ. ಆದ್ರೆ ಕೈಹಾಕಿ ಕೆಲಸ ಮಾಡೋನಿಗೆ ಗೊತ್ತು ಅದರ ಕಥೆ: ಹಿಂದಿನ ಡಿಸ್ಕ್ ಬ್ರೇಕ್ ಚಕ್ರದ ಹತ್ರ ಇಲ್ಲ, ಮಧ್ಯದಲ್ಲಿ ಎರಡು ಚಕ್ರಕ್ಕೂ ಶಕ್ತಿ ಹಂಚೋ ಡಿಫರೆನ್ಶಿಯಲ್‌ಗೆ ಅಂಟಿಕೊಂಡಿದೆ, ಸರಿಯಾಗಿ ಕೆಲಸ ಆಗ್ಬೇಕಂದ್ರೆ ಇದನ್ನೆಲ್ಲಾ ಹೊತ್ತ ಹಿಂದಿನ ಸಬ್‌ಫ್ರೇಮ್ ಪೂರ್ತಿ ಕೆಳಗಿಳಿಸ್ಬೇಕು. 3.8ರ ಗೇರ್‌ಬಾಕ್ಸ್‌ನಲ್ಲಿ ಫಸ್ಟ್‌ಗೆ ಸಿಂಕ್ರೊನೂ (ಗೇರ್ ಕಿರಿಕ್ ಅನ್ನದೆ ಬೀಳೋಕೆ ಇರೋ ಭಾಗ) ಇಲ್ಲ. 1964ರ 4.2 ಲೀಟರ್ ಇ-ಟೈಪ್ ತಗೊಳ್ಳಿ, ಅದ್ರಲ್ಲಿ ಗೇರ್‌ಬಾಕ್ಸು ಸೀಟು ಎರಡೂ ಸರಿ ಹೋಗಿದೆ.

ಕ್ಲಚ್‌ಪ್ಲೇಟ್: ಓ, ಗ್ರಾಸ್ ವಿಷ್ಯ ಗೊತ್ತಿರ್ಲಿಲ್ಲ. ಆದ್ರೂ ನೋಡೋಕೆ ಇ-ಟೈಪೇ ಅಲ್ವಾ?

ಹಳೇಗೇರು: ನೋಡೋಕೆ ಅಂದ್ರೆ ವಾದಾನೇ ಇಲ್ಲ, ಆ ಬಾನೆಟ್ ಒಂದೇ ಸಾಕು. ಆದ್ರೆ 1961ರ ಇ-ಟೈಪ್, 1964ರ 911 ಇಟ್ಟು ಹೋಲಿಸೋದು ಬಿಟ್ಟು ಕೊನೇದು ನೋಡು. 1971ರಲ್ಲಿ ಇ-ಟೈಪ್‌ಗೆ 5.3 ಲೀಟರ್ ವಿ12 ಹಾಕಿದ್ರು, ಉದ್ದ ಆಯ್ತು, ತೂಕ ಒಂದೂವರೆ ಟನ್ ಹತ್ರ ಹೋಯ್ತು. ಅದೇ ಕಾಲಕ್ಕೆ 911ರದ್ದೇ 1973ರ ಕರೆರಾ ಆರ್‌ಎಸ್ 2.7 ಬಂತು, 210 ಎಚ್‌ಪಿ, ಲೈಟ್‌ವೇಟ್ ಮಾಡೆಲ್ 960 ಕೆಜಿ. ಇವೆರಡಕ್ಕೆ ತಿರುವಿನ ರೋಡ್ ಕೊಟ್ಟು ಬಿಡು, ಆಮೇಲೆ ಬಂದು ಅರ್ಧ ಪವರ್ ಅನ್ನು.