ಉಪ್ಪಿನಕುದ್ರುವಿನಲ್ಲಿ ಒಂದು ದಿನ ಕಳೆಯುವಷ್ಟು ಏನಿದೆ?

ಮಂಗಳೂರಿನವಳು:
ಅಮ್ಮ ಮತ್ತು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಕುಂದಾಪುರದ ಕಡೆ ಹೊರಟಿದ್ದೇನೆ. ಹೊಳೆ ನಡುವಿನ ಊರು ಅಂತ ಉಪ್ಪಿನಕುದ್ರು ಹೆಸರು ಕೇಳಿದ್ದೆ. ಹೋದರೆ ನೋಡಲಿಕ್ಕೆ ಏನಿದೆ? ಅಮ್ಮನಿಗೆ ಮಂಡಿನೋವು, ದೋಣಿ ಹತ್ತಿ ಇಳಿಯುವುದು ಕಷ್ಟ.

ಕಡಲತಡಿ:
ದೋಣಿ ಬೇಡ. ಕುಂದಾಪುರ ದಾಟಿ ಹೆದ್ದಾರಿಯಲ್ಲಿ ತಲ್ಲೂರಿಗೆ ಬಂದು ತಿರುಗಿದರೆ ಕಾರು ಸೀದಾ ಊರೊಳಗೆ ಹೋಗ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಮರವಂತೆ. ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಮಗಳಿಗೆ ಖುಷಿ ಆಗ್ತದೆ.

ಹೊಳೆಬದಿ:
ಉಪ್ಪಿನಕುದ್ರು ನನ್ನ ಅಜ್ಜಿಮನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ದಯವಿಟ್ಟು ಹೊಳೆ ನೋಡಿ, ನಾಲ್ಕು ಫೋಟೊ ತೆಗೆದು ವಾಪಸ್ ಹೋಗಬೇಡಿ ಮಾರಾಯ್ರೆ. ಆ ಊರಿನ ಜೀವ ಇರುವುದು ಗೊಂಬೆಯಾಟದಲ್ಲಿ.

ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಯಕ್ಷಗಾನದ ಸೂತ್ರದ ಗೊಂಬೆಯಾಟ ಅದು. ಕೊಗ್ಗ ಕಾಮತರು ಅದನ್ನು ಹೊರದೇಶಗಳವರೆಗೆ ಒಯ್ದರು, ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅವರಿಗೆ ಬಂತು. ಆಮೇಲೆ ಮಗ ಭಾಸ್ಕರ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುಂದುವರಿಸಿ ಊರಲ್ಲೇ ಗೊಂಬೆಮನೆ ಕಟ್ಟಿಸಿದರು. ಇಷ್ಟು ಸಣ್ಣ ಕುದ್ರುವಿನಲ್ಲಿ (ಹೊಳೆ ನಡುವಿನ ನಡುಗಡ್ಡೆಯಲ್ಲಿ) ಇಂಥದ್ದೊಂದು ನಿಂತಿದೆ ಎನ್ನುವುದೇ ನನಗೆ ದೊಡ್ಡ ಹೆಮ್ಮೆ.

ಗೊಂಬೆ ಮರದ್ದು, ಒಂದೂವರೆ ಅಡಿ ಎತ್ತರ. ವೇಷ ಪೂರ್ತಿ ಬಡಗುತಿಟ್ಟಿನದ್ದೇ, ಅಂದರೆ ಉತ್ತರದ ಕಡೆಯ ಯಕ್ಷಗಾನ ಶೈಲಿಯದ್ದು: ಮುಂಡಾಸು, ಭುಜಕೀರ್ತಿ, ಎದೆಕಟ್ಟು ಎಲ್ಲ ಉಂಟು. ಭಾಗವತರ ಪದ, ಮದ್ದಳೆ, ಚಂಡೆ ಮೇಳದ ಆಟದ ಹಾಗೆಯೇ. ಬಣ್ಣದ ವೇಷ (ರಾಕ್ಷಸ ಪಾತ್ರ) ಪ್ರವೇಶ ಮಾಡುವಾಗ ಗೊಂಬೆಯ ಪಾದ ಗಮನಿಸಿ. ಚಂಡೆಯ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟಿ ಏಳುತ್ತದೆ. ದಾರ ಹಿಡಿದವರು ಮೇಲಿಂದ ಕೈಯಲ್ಲಿ ಅಷ್ಟು ಭಾರ ತೂಗಿಸಿಕೊಂಡು ತಾವೂ ಹೆಜ್ಜೆ ಹಾಕುತ್ತಿರುತ್ತಾರೆ. ಆಟ ಮುಗಿದ ಮೇಲೆ ಕೇಳಿಕೊಂಡು ಮಗಳನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ. ‘ಲಂಕಾದಹನ’ ಇದ್ದರೆ ಬಿಡಲೇಬೇಡಿ, ಮಕ್ಕಳಿಗೆ ಹನುಮಂತ ಸಾಕು.

ಆದರೆ ದಿನಾ ಆಟ ಇರುವುದಿಲ್ಲ. ಮೊದಲು ಗೊಂಬೆಮನೆಗೆ ಫೋನ್ ಮಾಡಿ, ಆಟ ಇರುವ ದಿನವೇ ಹೊರಡಿ.

ಮಂಗಳೂರಿನವಳು:
ತುಂಬಾ ಥ್ಯಾಂಕ್ಸ್. ಅಮ್ಮ ಯಕ್ಷಗಾನ ಅಂದರೆ ರಾತ್ರಿ ನಿದ್ದೆ ಬಿಡುವವರು, ಅವರಿಗೇ ಮೊದಲು ಓದಿ ಹೇಳಿದೆ. ಹಳೆಯ ಕಾಲದ್ದು ಏನಾದರೂ ಹತ್ತಿರದಲ್ಲಿ ಇದೆಯಾ?

ಕಡಲತಡಿ:
ಬಸ್ರೂರಿಗೆ ಹೋಗಿ. ವಾರಾಹಿ ದಡದ ಹಳೇ ಬಂದರು, ಅಕ್ಕಿ ಇಲ್ಲಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಈ ವ್ಯಾಪಾರಕ್ಕಾಗಿಯೇ ಇಲ್ಲಿಂದ ಕೆಳಗೆ, ಹೊಳೆ ಸಮುದ್ರ ಸೇರುವ ಕಡೆ ಕೋಟೆ ಕಟ್ಟಿದ್ದು. ಶಿವಾಜಿ 1665ರಲ್ಲಿ ಸಮುದ್ರದ ದಾರಿಯಲ್ಲಿ ಬಂದು ದಾಳಿ ಮಾಡಿದ್ದೂ ಇದೇ ಬಸ್ರೂರಿನ ಮೇಲೆ. ಈಗ ದೇವಸ್ಥಾನಗಳು, ಕೆರೆಗಳು ಉಳಿದಿವೆ.

ಹೊಳೆಬದಿ:
ಬಸ್ರೂರನ್ನು ಬೆಳಿಗ್ಗೆ ಮುಗಿಸಿ, ಬಿಸಿಲಿಗೆ ಅಮ್ಮನಿಗೆ ಸುಸ್ತಾಗ್ತದೆ. ಆಮೇಲೆ ಕುದ್ರುವಿನ ಹೊಳೆದಂಡೆಯನ್ನೂ ನೋಡಿ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಕೂಡಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುವುದರಿಂದ ಉಬ್ಬರದಲ್ಲಿ ಉಪ್ಪುನೀರು ಕುದ್ರುಗಳ ಸುತ್ತ ಒಳಗೆ ನುಗ್ಗುತ್ತದೆ. ಗದ್ದೆ ಉಳಿಯಬೇಕಾದರೆ ದಂಡೆ ಗಟ್ಟಿ ಇರಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಆ ದಂಡೆಯನ್ನು ಹಿಡಿದು ನಿಲ್ಲಿಸುತ್ತವೆ, ಅದರ ಬೇರಿನ ಸಂದಿಯಲ್ಲೇ ಮೀನು, ಸಿಗಡಿ ಮರಿಗಳು ಬೆಳೆಯುವುದು. ಇಳಿತದ ಹೊತ್ತಿಗೆ ಹೋದರೆ ಕೆಸರಿನ ಮೇಲೆ ಆ ಬೇರುಗಳು ಚೆನ್ನಾಗಿ ಕಾಣುತ್ತವೆ. ಅಲ್ಲಿ ಪ್ಲಾಸ್ಟಿಕ್ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಜನವರಿಯಲ್ಲಿ ಬರುವುದಾದರೆ ಹೆಮ್ಮಾಡಿಯಲ್ಲಿ ಗಾಡಿ ನಿಲ್ಲಿಸಿ. ಮಾರಣಕಟ್ಟೆ ಜಾತ್ರೆಗೆ ಹೋಗುವ ಹೆಮ್ಮಾಡಿ ಸೇವಂತಿಗೆ ಅರಳುವುದು ಆಗಲೇ. ಅಮ್ಮನಿಗೆ ಒಂದು ಮಾರು ತೆಗೆದುಕೊಡಿ.