ಆರು ದಿನ ಮಾತ್ರೆ ತಪ್ಪಿದೆ, ಇವತ್ತು ರಾತ್ರಿಯಿಂದ ಪೂರ್ತಿ ಡೋಸ್ ಶುರು ಮಾಡಲಾ?

ರಾತ್ರಿಪಾಳಿ | ಬುಧವಾರ, ಸಂಜೆ 6:40

ಸ್ವಲ್ಪ ಅರ್ಜೆಂಟ್ ಇದೆ. ಬೈಯುವವರು ಉತ್ತರ ಹೇಳಿ ಆಮೇಲೆ ಬೈಯಿರಿ.

ನನಗೆ 29 ವರ್ಷ. ನಾಲ್ಕು ವರ್ಷದಿಂದ ಫಿಟ್ಸ್‌ಗೆ ಲ್ಯಾಮೋಟ್ರಿಜಿನ್ 100 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಫಿಟ್ಸ್‌ಗೆ ಅಂತ ಬೇರೆ ಯಾವ ಮಾತ್ರೆಯೂ ಇಲ್ಲ. ಕೊನೆಯ ಸಲ ಬಂದು ಎರಡೂವರೆ ವರ್ಷ ಆಯಿತು.

ಹೋದ ತಿಂಗಳು ನನ್ನನ್ನು ರಾತ್ರಿ ಪಾಳಿಗೆ ಹಾಕಿದರು. ಅಲ್ಲಿಂದ ನನ್ನ ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅನ್ನುವುದೇ ಗೊಂದಲ. ಮಾತ್ರೆ ಮುಗಿದ ಪಟ್ಟಿಯನ್ನು ಬಿಸಾಡದೆ ಡಬ್ಬಿಗೇ ವಾಪಸ್ ತುರುಕುವ ಹಳೇ ಚಟ ಬೇರೆ ಇದೆ ನನಗೆ. ಕಳೆದ ಗುರುವಾರ ರಾತ್ರಿ ಡಬ್ಬಿ ತೆಗೆದರೆ ಒಳಗೆ ನಾಲ್ಕು ಪಟ್ಟಿ. ನಾಲ್ಕೂ ಖಾಲಿ. ನಾಳೆ ತಂದರಾಯಿತು ಅಂದುಕೊಂಡೆ. ಶುಕ್ರವಾರ ಪಾಳಿ ಮುಗಿಸಿ ಬಂದು ಮಲಗಿದವಳು ಎದ್ದಾಗ ಕತ್ತಲಾಗಿತ್ತು. ಹೀಗೇ ದಿನ ಉರುಳಿತು.

ನಿಜ ಹೇಳುತ್ತೇನೆ, ಭಾನುವಾರದ ಹೊತ್ತಿಗೆ ಮರೆವು ಅನ್ನುವುದಕ್ಕಿಂತ ಆಸೆ ಇತ್ತು. ಮೂರು ದಿನ ಆಯಿತು, ಏನೂ ಆಗಲಿಲ್ಲವಲ್ಲ, ಬಹುಶಃ ನನಗಿನ್ನು ಮಾತ್ರೆ ಬೇಡವೇನೋ ಅಂತ. ಯಾರಿಗೂ ಹೇಳಲಿಲ್ಲ.

ಇವತ್ತು ಹಲ್ಲುಜ್ಜುವಾಗ ಬಲಗೈ ತಟಕ್ಕನೆ ಎರಡು ಸಲ ಎಗರಿತು. ಬ್ರಷ್ ಸಿಂಕಿಗೆ ಬಿತ್ತು. ಮೊದಲೆಲ್ಲ ದೊಡ್ಡ ಫಿಟ್ಸ್ ಬರುವ ಮುಂಚೆ ಹೀಗೇ ಆಗುತ್ತಿತ್ತು. ಓಡಿ ಹೋಗಿ ಮಾತ್ರೆ ತಂದಿದ್ದೇನೆ, ಎದುರಿಗೇ ಇದೆ. ಇವತ್ತು ರಾತ್ರಿಯಿಂದ ಮೊದಲಿನ ಹಾಗೇ ಶುರು ಮಾಡಲಾ? ಎರಡು ಒಟ್ಟಿಗೆ ನುಂಗಿದರೆ ಬೇಗ ಹಿಡಿತಕ್ಕೆ ಬರುತ್ತಾ? ನನ್ನ ಡಾಕ್ಟರ್ ಸಿಗುವುದು ಸೋಮವಾರ.

—

ಹಳೇಗಿರಾಕಿ | ಸಂಜೆ 6:52

ಮಾತ್ರೆ ಕೆಳಗಿಡಿ, ಫೋನ್ ಎತ್ತಿಕೊಳ್ಳಿ. ಸೋಮವಾರದವರೆಗೆ ಕಾಯಬೇಡಿ. ನಿಮ್ಮ ಡಾಕ್ಟರ್ ಸಿಗದಿದ್ದರೆ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿರುವ ನರರೋಗದ ಡಾಕ್ಟರನ್ನು ಕೇಳಿ. ಅವರೂ ಸಿಗದಿದ್ದರೆ ಎಮರ್ಜೆನ್ಸಿಗೇ ಹೋಗಿ. ಮೂರು ವಿಷಯ ಹೇಳಿದರೆ ಸಾಕು: ಯಾವ ಮಾತ್ರೆ ಎಷ್ಟು, ಕೊನೆಯದು ತೆಗೆದುಕೊಂಡದ್ದು ಯಾವಾಗ, ಇವತ್ತು ಕೈ ಎಗರಿದ್ದು. ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಯಾರನ್ನಾದರೂ ಕರೆಸಿಕೊಳ್ಳಿ. ಅವರು ಬರುವವರೆಗೆ ಸ್ನಾನ, ಒಲೆ ಎರಡೂ ಬೇಡ, ಬಾಗಿಲ ಚಿಲಕ ತೆಗೆದಿಡಿ.

ಫೋನ್ ಮಾಡಿ ಬಂದಮೇಲೆ ಮುಂದಿನದ್ದು ಓದಿ. ನಿಜವಾಗಲೂ.

...

ಈಗ ಯಾಕೆ ಅಂತ ಹೇಳುತ್ತೇನೆ. ಬೇರೆ ಮಾತ್ರೆ ಜೊತೆಗಿಲ್ಲದಿದ್ದರೆ ಲ್ಯಾಮೋಟ್ರಿಜಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಐದಾರು ದಿನ ಬಿಟ್ಟರೆ ಮೈಯಲ್ಲಿ ಉಳಿದಿರುವುದು ಇಲ್ಲ ಅನ್ನುವಷ್ಟೇ. ಅಂದರೆ ನಿಮ್ಮ ಮೈಗೆ ಈಗ ಅದು ಹೊಸ ಮಾತ್ರೆ. ಹೊಸಬರಿಗೆ ಯಾರೂ 200ರಿಂದ ಶುರು ಮಾಡುವುದಿಲ್ಲ. ಸಾಮಾನ್ಯವಾಗಿ 25ರಿಂದ ಶುರು, ಎರಡು ವಾರ ಅಷ್ಟೇ, ಆಮೇಲೆ 50, ಹೀಗೆ ಮೆಲ್ಲಗೆ ಮೇಲಕ್ಕೆ. ನಾಲ್ಕು ವರ್ಷದ ಹಿಂದೆ ನಿಮಗೂ ಹಾಗೇ ಕೊಟ್ಟಿರುತ್ತಾರೆ, ನೆನಪು ಮಾಡಿಕೊಳ್ಳಿ. ಸುಮ್ನೆ ಸತಾಯಿಸಲು ಹಾಗೆ ಮಾಡುವುದಿಲ್ಲ. ಒಮ್ಮೆಗೇ ಜಾಸ್ತಿ ಕೊಟ್ಟರೆ ಚರ್ಮ ತಿರುಗಿಬೀಳುವ ಅಪಾಯ ಹೆಚ್ಚು.

ಇದನ್ನು ನಾನು ಓದಿ ತಿಳಿದದ್ದಲ್ಲ. ನನಗೀಗ 41. ಇಪ್ಪತ್ತೆರಡರಲ್ಲಿ ಇದೇ ಮಾತ್ರೆ ಶುರುವಾಯಿತು. ಪುಟ್ಟ ಮಾತ್ರೆ, ಉಗುರಿನ ಮೇಲೆ ಇಟ್ಟರೆ ಇನ್ನೂ ಜಾಗ ಉಳಿಯುತ್ತಿತ್ತು. ಎರಡು ವಾರ ಇದನ್ನು ನುಂಗಿ ಏನಾಗಬೇಕು ಅನಿಸಿತು. ಹತ್ತನೇ ದಿನ ನಾನೇ ಡಾಕ್ಟರ್ ಆದೆ. ನಾಲ್ಕು ಒಟ್ಟಿಗೆ. ವಾರ ಕಳೆಯುವಷ್ಟರಲ್ಲಿ ಎದೆಯ ಮೇಲೆ ಕೆಂಪು ದದ್ದು. ಶೆಕೆಗೆ ಎದ್ದದ್ದು ಅಂದುಕೊಂಡು ಪೌಡರ್ ಹಾಕಿದೆ. ಮಾರನೇ ದಿನ ಜ್ವರ, ಕಣ್ಣು ಕೆಂಪು. ತುಟಿಯ ಒಳಗೆ ಎಷ್ಟು ಹುಣ್ಣೆಂದರೆ ನೀರು ಕುಡಿದರೂ ಕಣ್ಣಲ್ಲಿ ನೀರು. ಹನ್ನೊಂದು ದಿನ ಆಸ್ಪತ್ರೆ. ಬೆನ್ನಿನ ಚರ್ಮ ಹಾಸಿಗೆಯ ಬಟ್ಟೆಗೆ ಅಂಟಿಕೊಂಡು ಬರುತ್ತಿತ್ತು. ಸ್ಟೀವನ್ಸ್ ಜಾನ್ಸನ್ ಅನ್ನುವ ಈ ಕಾಯಿಲೆಯ ಹೆಸರನ್ನು ಅಲ್ಲೇ ಮೊದಲು ಕೇಳಿದ್ದು. ಆ ಮಾತ್ರೆ ಈ ಜನ್ಮಕ್ಕೆ ಮತ್ತೆ ಕೂಡದು ಅಂತ ನನ್ನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಹೆದರಿಸಲು ಹೇಳುತ್ತಿಲ್ಲ. ಇಷ್ಟು ಜೋರಾಗಿ ಆಗುವುದು ಅಪರೂಪ. ಬಹಳ ಜನರಿಗೆ ಲ್ಯಾಮೋಟ್ರಿಜಿನ್ ಚೆನ್ನಾಗಿ ಒಗ್ಗುತ್ತದೆ, ನಿಮಗೇ ನಾಲ್ಕು ವರ್ಷ ಒಗ್ಗಿದೆ. ಆದರೆ ಮತ್ತೆ ಶುರು ಮಾಡಿದ ಮೊದಲ ಎರಡು ತಿಂಗಳು ಮೈಮೇಲೆ ದದ್ದು ಕಂಡರೆ ಪೌಡರ್ ಹಾಕಬೇಡಿ, ಅವತ್ತೇ ತೋರಿಸಿ. ಜೊತೆಗೆ ಜ್ವರ, ಬಾಯಿ ಹುಣ್ಣು, ಕಣ್ಣುರಿ, ಬೊಬ್ಬೆ ಇದ್ದರೆ ನೇರ ಎಮರ್ಜೆನ್ಸಿ.

ಇನ್ನು "ಏನೂ ಆಗಲಿಲ್ಲವಲ್ಲ" ಅಂದಿರಲ್ಲ, ಆ ಆಸೆ ನನಗೂ ಗೊತ್ತು. ಫಿಟ್ಸ್ ಬರದೇ ಇದ್ದದ್ದು ಮಾತ್ರೆ ಇದ್ದದ್ದಕ್ಕೆ. ಎರಡು ವರ್ಷ ಬರಲಿಲ್ಲ ಅಂದರೆ ನಿಲ್ಲಿಸುವ ಮಾತನ್ನು ಡಾಕ್ಟರ ಹತ್ತಿರ ಖಂಡಿತ ಎತ್ತಬಹುದು, ಅದರಲ್ಲಿ ತಪ್ಪೇನಿಲ್ಲ. ಕೆಲವರಿಗೆ ನಿಲ್ಲಿಸುತ್ತಾರೆ ಕೂಡ. ಆಗಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಇಳಿಸುತ್ತಾರೆ. ದಿಢೀರನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು. ನಿದ್ದೆಗೆಟ್ಟ ಪಾಳಿ ಅದಕ್ಕೆ ತುಪ್ಪ ಸುರಿದ ಹಾಗೆ.

—

ಗಾಳಿಪಟ | ರಾತ್ರಿ 7:15

ಇಷ್ಟೊಂದು ಗಾಬರಿ ಯಾಕೋ. ನಾನೂ ಒಮ್ಮೆ ಹತ್ತು ದಿನ ಬಿಟ್ಟಿದ್ದೆ. ವಾಪಸ್ ಪೂರ್ತಿ ಡೋಸೇ ತಗೊಂಡೆ. ಏನೂ ಆಗಲಿಲ್ಲ.

—

ಹಳೇಗಿರಾಕಿ | ರಾತ್ರಿ 7:18

ಯಾವ ಮಾತ್ರೆ?

—

ಗಾಳಿಪಟ | ರಾತ್ರಿ 7:21

ಲೆವೆಟಿರಾಸಿಟಾಮ್ 500.

—

ಹಳೇಗಿರಾಕಿ | ರಾತ್ರಿ 7:30

ಅದೇ ನೋಡಿ. ನಾನೀಗ ತೆಗೆದುಕೊಳ್ಳುವುದೂ ಅದನ್ನೇ. ಅದಕ್ಕೆ ಲ್ಯಾಮೋಟ್ರಿಜಿನ್‌ನ ಹಾಗೆ ಇಂಚಿಂಚು ಏರಿಸುವ ಕಟ್ಟುಪಾಡಿಲ್ಲ. ಎರಡಕ್ಕೂ ಫಿಟ್ಸ್ ಮಾತ್ರೆ ಅನ್ನುತ್ತೇವೆ, ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ. ಅಂದಹಾಗೆ ಹತ್ತು ದಿನ ಬಿಟ್ಟೂ ಫಿಟ್ಸ್ ಬರಲಿಲ್ಲ ಅನ್ನುವುದು ನಿಮ್ಮ ಅದೃಷ್ಟ, ಇನ್ನೊಬ್ಬರಿಗೆ ಸಲಹೆ ಅಲ್ಲ.

ಲೆವೆಟಿರಾಸಿಟಾಮ್‌ಗೆ ಅದರದ್ದೇ ಕಾಟ ಇದೆ. ಸಿಟ್ಟು. ಶುರುವಾದ ಎರಡನೇ ತಿಂಗಳು ಒಂದು ಡಬ್ಬದ ಮುಚ್ಚಳ ತೆಗೆಯಲು ಬರಲಿಲ್ಲ ಅಂತ ಡಬ್ಬವನ್ನೇ ಗೋಡೆಗೆ ಎಸೆದೆ. ಎಸೆದಾದ ಮೇಲೂ ತಪ್ಪು ಡಬ್ಬದ್ದೇ ಅಂತ ನಂಬಿದ್ದೆ. ಗಮನಿಸಿದ್ದು ನನ್ನ ಹೆಂಡತಿ. "ಇದು ನೀವಲ್ಲ, ಮಾತ್ರೆ" ಅಂದಳು. ಡಾಕ್ಟರಿಗೆ ಹೇಳಿದ ಮೇಲೆ ಡೋಸ್ ಹೊಂದಿಸಿದರು. ಈ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಸಿಡುಕು ಬಂದರೆ ಅಥವಾ ಬದುಕೇ ಬೇಡ ಅನ್ನುವಂಥ ಯೋಚನೆ ಬಂದರೆ ಮುಚ್ಚಿಡಬೇಡಿ. ಹಾಗಂತ ನೀವೇ ನಿಲ್ಲಿಸಲೂಬೇಡಿ.

—

ಚೀಟಿನೋಡುವವಳು | ರಾತ್ರಿ 8:05

ನಾನು ಫಾರ್ಮಸಿಸ್ಟ್. ಹಳೇಗಿರಾಕಿ ಹೇಳಿದ್ದು ಸರಿ. ಐದು ದಿನಕ್ಕಿಂತ ಹೆಚ್ಚು ಬಿಟ್ಟುಹೋದ ಲ್ಯಾಮೋಟ್ರಿಜಿನ್ ಅನ್ನು ಡಾಕ್ಟರನ್ನು ಕೇಳದೆ ಹಳೇ ಡೋಸಿಗೆ ಶುರು ಮಾಡುವಂತಿಲ್ಲ. ಎರಡು ಒಟ್ಟಿಗಂತೂ ಬೇಡವೇ ಬೇಡ. ಜೊತೆಗೆ ವಾಲ್ಪ್ರೊಯೇಟ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಇರುವವರಿಗೆ ಇನ್ನೂ ಎಚ್ಚರ ಬೇಕು. ಅದು ಲ್ಯಾಮೋಟ್ರಿಜಿನ್ ಅನ್ನು ಮೈಯಲ್ಲಿ ಹೆಚ್ಚು ಹೊತ್ತು ಹಿಡಿದಿಡುತ್ತದೆ, ಹಾಗಾಗಿ ಶುರುವಿನ ಡೋಸೇ ಅರ್ಧ.

ಇದನ್ನು ಓದಿ ಒಂದು ಹೊತ್ತು ಮರೆತವರೂ ಹೆದರಬೇಡಿ. ಒಂದು ಹೊತ್ತು ತಪ್ಪಿದರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನದಕ್ಕೆ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಸಾಲ ತೀರಿಸುವ ಹಾಗೆ ಎರಡು ನುಂಗುವುದು ಬೇಡ.

ಕೌಂಟರಿನಲ್ಲಿ ನಿಂತು ನಾನು ದಿನಾ ನೋಡುವ ತಪ್ಪು ಬೇರೆ. ಜನ ನೆಗಡಿಗೆ, ನೋವಿಗೆ ಮಾತ್ರೆ ಕೇಳುತ್ತಾರೆ, ತಮಗೆ ಫಿಟ್ಸ್ ಇದೆ ಅನ್ನುವುದನ್ನು ನುಂಗಿಕೊಳ್ಳುತ್ತಾರೆ. ಹಿಂದೆ ನಿಂತವರು ಕೇಳಿಸಿಕೊಂಡಾರು ಅಂತ ನಾಚಿಕೆ. ಒಂದು ಚೀಟಿಯಲ್ಲಿ ಬರೆದು ಕೊಡಿ, ನಮಗೆ ಅಷ್ಟು ಸಾಕು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ, ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್, ಇಂಥವು ಕೆಲವರಿಗೆ ಫಿಟ್ಸ್ ಬರಿಸಬಲ್ಲವು. ನೀವು ಹೇಳಿದರೆ ನಾವು ಡಾಕ್ಟರಿಗೆ ಫೋನ್ ಮಾಡಿ ಬೇರೆ ಬರೆಸುತ್ತೇವೆ.

ರಾತ್ರಿಪಾಳಿಯವರೇ, ವಾರದ ಮಾತ್ರೆ ಡಬ್ಬಿ ಸಿಗುತ್ತದಲ್ಲ, ದಿನಕ್ಕೆರಡು ಖಾನೆ ಇರುವುದು, ಅದನ್ನು ತೆಗೆದುಕೊಳ್ಳಿ. ತೆಗೆದುಕೊಂಡೆನಾ ಇಲ್ಲವಾ ಅನ್ನುವ ಅನುಮಾನಕ್ಕೆ ಖಾನೆಯೇ ಉತ್ತರ ಹೇಳುತ್ತದೆ. ಆದರೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರು ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಅದು ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಪಟ್ಟಿಯನ್ನೇ ಕತ್ತರಿಸಿ ಹಾಕಿಕೊಳ್ಳಿ. ನಿಧಾನ ಬಿಡುಗಡೆಯ ಮಾತ್ರೆಗಳನ್ನು ಪುಡಿ ಮಾಡಬೇಡಿ, ಜಗಿಯಬೇಡಿ. ಇನ್ನು ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸದು ತನ್ನಿ, ಖಾಲಿಯಾದ ದಿನ ಅಲ್ಲ.

—

ಎರಡನೇಇನಿಂಗ್ಸ್ | ರಾತ್ರಿ 8:40

ಒಂದು ಪ್ರಶ್ನೆ ತಂಗಿ, ಉತ್ತರ ಇಲ್ಲಿ ಬರೆಯಬೇಕಾಗಿಲ್ಲ. ಗರ್ಭನಿರೋಧಕ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಹೌದಾದರೆ ಡಾಕ್ಟರಿಗೆ ಅದನ್ನೂ ಹೇಳಿ. ಈಸ್ಟ್ರೋಜನ್ ಇರುವ ಮಾತ್ರೆ ಲ್ಯಾಮೋಟ್ರಿಜಿನ್ ಮಟ್ಟವನ್ನು ಅರ್ಧದಷ್ಟು ಇಳಿಸಿಬಿಡಬಹುದು. ನನಗೆ ಹಾಗೇ ಆಗಿತ್ತು. ಒಂದು ಡೋಸೂ ತಪ್ಪಿಸಿರಲಿಲ್ಲ, ಆದರೂ ಮೂರು ವರ್ಷದ ಮೇಲೆ ಫಿಟ್ಸ್ ಬಂತು. ಸ್ತ್ರೀರೋಗದ ಡಾಕ್ಟರು ಒಂದು ಬರೆದರು, ನರದ ಡಾಕ್ಟರು ಇನ್ನೊಂದು ಬರೆದರು, ಎರಡು ಚೀಟಿಯನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್ ಅನ್ನುವ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಉಲ್ಟಾ, ಅಲ್ಲಿ ಗರ್ಭನಿರೋಧಕವೇ ಕೈಕೊಡುತ್ತದೆ.

ಮುಂದೆ ಮಗು ಬೇಕು ಅನ್ನುವವರು ಗರ್ಭ ನಿಲ್ಲುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ವಾಲ್ಪ್ರೊಯೇಟ್‌ನಲ್ಲಿ ಹತ್ತರಲ್ಲಿ ಸುಮಾರು ಒಂದು ಮಗುವಿಗೆ ಹುಟ್ಟಿನಿಂದಲೇ ದೋಷ ಬರುತ್ತದೆ. ಲ್ಯಾಮೋಟ್ರಿಜಿನ್ ಆ ವಿಷಯದಲ್ಲಿ ಎಷ್ಟೋ ವಾಸಿ. ಹೊಟ್ಟೆಯಲ್ಲಿದ್ದಾಗ ಅದರ ಮಟ್ಟ ಇಳಿಯುತ್ತದೆ, ನನಗೆ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿ ಡೋಸ್ ಏರಿಸಿದರು, ಹೆರಿಗೆ ಆದಮೇಲೆ ಇಳಿಸಿದರು. ಈಗ ಇಬ್ಬರು ಮಕ್ಕಳು. ದೊಡ್ಡವಳಿಗೆ ಏಳು ವರ್ಷ. ನನಗೇನಾದರೂ ಆದರೆ ಏನು ಮಾಡಬೇಕು ಅಂತ ಬಾಯಿಪಾಠ ಒಪ್ಪಿಸುತ್ತಾಳೆ: ಅಮ್ಮನನ್ನು ಒಂದು ಮಗ್ಗುಲಿಗೆ ತಿರುಗಿಸು, ಬಾಯಿಗೆ ಏನೂ ಹಾಕಬೇಡ, ಅದುಮಿ ಹಿಡಿಯಬೇಡ, ಗಡಿಯಾರ ನೋಡು, ಐದು ನಿಮಿಷ ದಾಟಿದರೆ ಆಂಬುಲೆನ್ಸ್.

—

ರಾತ್ರಿಪಾಳಿ | ಗುರುವಾರ, ಬೆಳಿಗ್ಗೆ 11:20

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹಳೇಗಿರಾಕಿಯವರ ಮೊದಲ ಸಾಲು ಓದಿ ಮಾತ್ರೆ ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ಎರಡು ಮಾತ್ರೆ ಅಂಗೈಯಲ್ಲಿದ್ದವು.

ಅಕ್ಕ ಬಂದಳು, ಇಬ್ಬರೂ ಎಮರ್ಜೆನ್ಸಿಗೆ ಹೋದೆವು. ಅಲ್ಲಿದ್ದ ಡಾಕ್ಟರ್ ನರರೋಗ ತಜ್ಞರಿಗೆ ಫೋನ್ ಮಾಡಿ ಕೇಳಿದರು. ಲ್ಯಾಮೋಟ್ರಿಜಿನ್ ಮತ್ತೆ 25ರಿಂದ. ಅದು ಸಾಕಷ್ಟು ಏರುವವರೆಗೆ ರಕ್ಷಣೆಗೆ ಅಂತ ಕ್ಲೋಬಜಾಮ್ ಕೊಟ್ಟಿದ್ದಾರೆ. ಇದಕ್ಕೆ ಜೋರು ತೂಕಡಿಕೆ ಬರುತ್ತಿದೆ, ಈ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಆಯಿತು. ಇದನ್ನೂ ಹೇಳದೆ ನಿಲ್ಲಿಸಬಾರದಂತೆ, ಅವರೇ ಇಳಿಸುತ್ತಾರಂತೆ. ಕುಡಿತ ಪೂರ್ತಿ ಬಂದ್. ಗಾಡಿ ಅವರು ಹೇಳುವವರೆಗೆ ಇಲ್ಲ. ರಾತ್ರಿ ಪಾಳಿ ಬೇಡ ಅಂತ ಪತ್ರ ಬರೆದುಕೊಟ್ಟಿದ್ದಾರೆ, ಆಫೀಸಿನಲ್ಲಿ ಇನ್ನೂ ಕೊಟ್ಟಿಲ್ಲ. ಅಲ್ಲಿ ಯಾರಿಗೂ ನನಗೆ ಫಿಟ್ಸ್ ಇದೆ ಅಂತ ಗೊತ್ತಿಲ್ಲ. ಅದು ಇನ್ನೊಂದು ಕತೆ, ಬೇರೆ ಪ್ರಶ್ನೆ ಹಾಕುತ್ತೇನೆ.

ಎರಡನೇಇನಿಂಗ್ಸ್ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಎರಡು ತಿಂಗಳಾಯಿತು ಶುರು ಮಾಡಿ. ನೀವು ಕೇಳದಿದ್ದರೆ ಡಾಕ್ಟರ ಮುಂದೆ ನನಗೆ ನೆನಪಾಗುತ್ತಲೇ ಇರಲಿಲ್ಲ.

ಖಾಲಿ ಪಟ್ಟಿಗಳನ್ನು ಅಕ್ಕನೇ ಕಸಕ್ಕೆ ಹಾಕಿದಳು. ನಾಲ್ಕಲ್ಲ, ಡ್ರಾಯರಿನ ಹಿಂದೆ ಬಿದ್ದಿದ್ದವೂ ಸೇರಿ ಹದಿನೇಳು.