ರೇಡಿಯೇಷನ್ ಮುಗಿದು ಎರಡು ವರ್ಷ, ಅಪ್ಪನ ಹಲ್ಲು ಕೀಳಿಸಬಹುದಾ?

ಅಪ್ಪನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಆಗಿತ್ತು. 35 ಸಲ ರೇಡಿಯೇಷನ್ ಕೊಟ್ಟರು. ಈಗ ಸ್ಕ್ಯಾನ್ ಚೆನ್ನಾಗಿದೆ. ‘ಗುಣವಾಯ್ತಲ್ಲ, ಇನ್ನೇನು’ ಅನ್ನುತ್ತಾರೆ ಎಲ್ಲರೂ. ಆದರೆ ಬಾಯಿ ಸದಾ ಒಣಗಿರುತ್ತದೆ, ಈಚೆಗೆ ಪೂರ್ತಿ ತೆರೆಯಲೂ ಆಗುತ್ತಿಲ್ಲ. ಹಲ್ಲುಗಳು ಒಂದೊಂದಾಗಿ ಹುಳುಕಾಗುತ್ತಿವೆ. ಮುಂದಿನ ವಾರ ಒಂದು ದವಡೆ ಹಲ್ಲು ಕೀಳಿಸೋಣ ಅಂತಿದ್ದೇವೆ. ಇದನ್ನೆಲ್ಲ ಕಂಡವರು ದಯವಿಟ್ಟು ಹೇಳಿ.

ಉತ್ತರ: ಒಂಬತ್ತು ವರ್ಷ ದಾಟಿದವನು

ಹಲ್ಲು ಕೀಳಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಮಿಕ್ಕಿದ್ದು ಆಮೇಲೆ.

ರೇಡಿಯೇಷನ್ ಬಿದ್ದ ದವಡೆ ಮೂಳೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಹಲ್ಲು ಕಿತ್ತ ಗುಳಿ ಮಾಯದೆ ಮೂಳೆಯೇ ಸಾಯಬಹುದು. ಕೆಳದವಡೆಯಲ್ಲಿ ಈ ಭಯ ಜಾಸ್ತಿ. ವರ್ಷ ಕಳೆದಂತೆ ಹೋಗುತ್ತದೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ. ನಾನು ಆರನೇ ವರ್ಷದಲ್ಲಿ ಹೊಸ ಡಾಕ್ಟರ್ ಹತ್ತಿರ ಹೋಗಿ ಸುಮ್ನೆ ಒಂದು ಹಲ್ಲು ಕೀಳಿಸಿಕೊಂಡು ಬಂದೆ. ರೇಡಿಯೇಷನ್ ಆಗಿದ್ದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ತಿಂಗಳು ಗುಳಿ ಮುಚ್ಚಲಿಲ್ಲ. ನಾಲಿಗೆ ಆಡಿಸಿದರೆ ಮೂಳೆಯ ಚೂಪು ತಾಗುತ್ತಿತ್ತು.

ರೇಡಿಯೇಷನ್ ಕೊಟ್ಟ ಆಸ್ಪತ್ರೆಯಿಂದ ಎಲ್ಲಿಗೆ ಎಷ್ಟು ಡೋಸ್ ಬಿದ್ದಿದೆ ಅನ್ನುವ ಕಾಗದ ತೆಗೆದುಕೊಳ್ಳಿ. ಅದನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ, ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಲಿ. ಎಷ್ಟೋ ಸಲ ರೂಟ್ ಕೆನಾಲ್ ಮಾಡಿ ಬೇರನ್ನು ಹಾಗೇ ಉಳಿಸಲು ಆಗುತ್ತದೆ.

ಹುಳುಕಿಗೆ ಕಾರಣ ಎಂಜಲು ಇಲ್ಲದಿರುವುದು. ಹಲ್ಲನ್ನು ಕಾಯುತ್ತಿದ್ದದ್ದೇ ಅದು. ನಾನು ದಿನಾ ರಾತ್ರಿ ಅಚ್ಚಿನ ಟ್ರೇಯಲ್ಲಿ ಫ್ಲೋರೈಡ್ ಜೆಲ್ ಹಾಕಿ ಹಲ್ಲಿಗೆ ಕೂರಿಸಿಕೊಳ್ಳುತ್ತೇನೆ. ಬೇಜಾರಿನ ಕೆಲಸ, ಆದರೆ ಬಿಟ್ಟಿಲ್ಲ. ಎಂಜಲು ಬರಲಿ ಅಂತ ಹುಳಿ ಮಿಠಾಯಿ ಚೀಪಬೇಡಿ, ಆ ಹುಳಿ ಹಲ್ಲನ್ನೇ ತಿನ್ನುತ್ತದೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಪರವಾಗಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಎಂಜಲು ಬರಿಸಲು ಕೊಡುವ ಪಿಲೋಕಾರ್ಪಿನ್ ಮಾತ್ರೆಯಿಂದ ನನಗೆ ಎಂಜಲಿಗಿಂತ ಬೆವರೇ ಜಾಸ್ತಿ ಬಂತು! ಕೆಲವರಿಗೆ ಕೆಲಸ ಮಾಡುತ್ತದೆ. ಅಸ್ತಮಾ, ಗ್ಲಾಕೋಮಾ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಉತ್ತರ: ಮನೆಯವರನ್ನು ನೋಡಿಕೊಳ್ಳುತ್ತಿರುವವಳು

ಬಾಯಿ ತೆರೆಯುವುದರ ಬಗ್ಗೆ ನಾನು ಹೇಳುತ್ತೇನೆ. ಅಪ್ಪ ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಳ್ಳಲಿ. ಹೋಗದಿದ್ದರೆ ದವಡೆ ಬಿಗಿದಿದೆ ಅಂತ ಲೆಕ್ಕ. ಡಾಕ್ಟರುಗಳು 35 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬಿಗಿತ ಅನ್ನುತ್ತಾರೆ. ನಮ್ಮವರದ್ದು 19ಕ್ಕೆ ಇಳಿದಿತ್ತು. ಫಿಸಿಯೋ ಹೇಳಿಕೊಟ್ಟಂತೆ ಚಪ್ಪಟೆ ಕಡ್ಡಿಗಳ ಕಟ್ಟು ಮಾಡಿ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ. ಸಡಿಲವಾದ ಮೇಲೆ ಇನ್ನೊಂದು ಕಡ್ಡಿ. ಒಂದು ವರ್ಷಕ್ಕೆ 31 ಆಯಿತು. ಮೊದಲಿನಂತೆ ಆಗಲಿಲ್ಲ, ಆದರೆ ಈಗ ಚಮಚ ಹೋಗುತ್ತದೆ, ಬ್ರಷ್ ಹಿಂದಿನ ಹಲ್ಲಿಗೂ ತಲುಪುತ್ತದೆ. ನೋವು ಬಂದರೂ ಒತ್ತುವುದು ಬೇಡ. ಇನ್ನೊಂದು, ಬಿಗಿತ ಈಚೆಗೆ ಶುರುವಾಗಿದೆ ಅಂದಿರಲ್ಲ, ವ್ಯಾಯಾಮಕ್ಕೆ ಮುಂಚೆ ಕ್ಯಾನ್ಸರ್ ಡಾಕ್ಟರಿಗೆ ಒಮ್ಮೆ ತೋರಿಸಿ.

ಉತ್ತರ: ಮೂರನೆಯವನು

ಥೈರಾಯ್ಡ್ ನೋಡಿಸಿದ್ದೀರಾ? ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಅದು ನಿಧಾನವಾಗಿ ಕೈಕೊಡಬಹುದು. ನನಗೆ ಸುಸ್ತು, ಚಳಿ, ಯಾವುದರಲ್ಲೂ ಮನಸ್ಸಿಲ್ಲ. ವಯಸ್ಸಾಯ್ತು ಅಂತ ಒಂದು ವರ್ಷ ಸುಮ್ಮನಿದ್ದೆ. ಟಿಎಸ್‌ಎಚ್ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸಿ.

ಕೇಳಿದವಳು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲ್ಲಿನ ಅಪಾಯಿಂಟ್‌ಮೆಂಟ್ ರದ್ದು ಮಾಡಿದೆ. ಬೆರಳು ಎರಡೇ ಹೋಗುತ್ತಿವೆ. ಅಪ್ಪನಿಗೆ ನೀರು ಕುಡಿದಾಗ ಕೆಮ್ಮು ಕೂಡ ಬರುತ್ತದೆ. ಇದೂ ರೇಡಿಯೇಷನ್‌ನಿಂದಲೇನಾ?

ಉತ್ತರ: ಒಂಬತ್ತು ವರ್ಷ ದಾಟಿದವನು

ಇರಬಹುದು. ನುಂಗುವ ಸ್ನಾಯು ಗಟ್ಟಿಯಾಗಿ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರದೆ ಇಳಿಯುತ್ತದೆ, ನನಗೆ ನ್ಯುಮೋನಿಯಾ ಆದ ಮೇಲೆಯೇ ಗೊತ್ತಾಗಿದ್ದು. ನುಂಗುವಾಗ ಎಕ್ಸ್‌ರೇ ವಿಡಿಯೋ ತೆಗೆಯುವ ಪರೀಕ್ಷೆ ಇದೆ, ಸ್ಪೀಚ್ ಥೆರಪಿಸ್ಟ್ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಅಪ್ಪ ನೆಟ್ಟಗೆ ಕೂತು, ಒಂದೊಂದೇ ಗುಟುಕು ಕುಡಿಯಲಿ. ಜ್ವರ ಬಂದರೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.